ಮೊಳೆಯಿಲ್ಲದ ಹಡಗು, ಹೊಳೆ ದಾಟಿಸುವ ಬುಟ್ಟಿ

ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ನಿಂತು ದೋಣಿಯ ಮಾತು ತೆಗೆದರೆ ಯಾರಾದರೂ ಹುಬ್ಬೇರಿಸುತ್ತಾರೆ. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. ಬೇಸಿಗೆ ಬಂದರೆ ಕೊಡ ನೀರಿಗೂ ಲೆಕ್ಕ ಹಾಕುವ ಸೀಮೆ. ಆದರೆ ಒಮ್ಮೆ ಭೂಪಟ ಬಿಡಿಸಿ ನೋಡಿ! ಬಡಗಣಕ್ಕೆ ಹೋದರೆ ಕೃಷ್ಣೆ, ತೆಂಕಣಕ್ಕೆ ಇಳಿದರೆ ತುಂಗಭದ್ರೆ. ದೇವದುರ್ಗ, ಮಾನ್ವಿ, ರಾಯಚೂರು ಎಲ್ಲವೂ ಈ ಎರಡು ಹೊಳೆಗಳ ತೆಕ್ಕೆಯಲ್ಲಿವೆ. ಹೊರಗಿನಿಂದ ಇಲ್ಲಿಗೆ ಬರಬೇಕಾದರೂ ಇಲ್ಲಿಂದ ಹೊರಗೆ ಹೋಗಬೇಕಾದರೂ ಬಹುಪಾಲು ದಿಕ್ಕಿನಲ್ಲಿ ಹೊಳೆ ದಾಟಲೇಬೇಕು. ಸೇತುವೆಗಳು ಬಂದದ್ದು ಈಚೆಗೆ. ಅದಕ್ಕೂ ಮೊದಲು ಸಾವಿರ ವರ್ಷ ಇಲ್ಲಿನ ಮದುವೆಯ ದಿಬ್ಬಣ, ಸಂತೆಯ ಸರಕು, ಜಾತ್ರೆಗೆ ಹೊರಟ ಮುದುಕಿ, ದಂಡೆತ್ತಿ ಬಂದ ಸೈನ್ಯ ಎಲ್ಲರನ್ನೂ ದಾಟಿಸಿದ್ದು ಒಂದು ದುಂಡನೆಯ ಬುಟ್ಟಿ. ಅದೇ ಹರಿಗೋಲು. ನಮ್ಮ ಕಡೆ ತೆಪ್ಪ ಅಂದರೂ ಇದೇ.

ಅದರಲ್ಲಿ ಒಂದೂ ಮೊಳೆ ಇಲ್ಲ. ಈ ಒಂದು ಸಂಗತಿಯ ಬೆನ್ನು ಹತ್ತಿ ಹೊರಟರೆ ದಾರಿ ಎಲ್ಲೆಲ್ಲಿಗೆ ಒಯ್ಯುತ್ತದೆ ಅಂತೀರಿ! ಬ್ಯಾಬಿಲೋನಿನ ಜೇಡಿಮಣ್ಣಿನ ಫಲಕಕ್ಕೆ, ಅಜಂತಾದ ಗೋಡೆಗೆ, ಕೊನೆಗೆ ನಮ್ಮದೇ ಕಾರವಾರದ ನೌಕಾನೆಲೆಗೆ.

ಮೊದಲು ಹರಿಗೋಲನ್ನು ಹತ್ತಿರದಿಂದ ನೋಡೋಣ. ದಂಡೆಯ ಮೇಲೆ ಬೋರಲು ಹಾಕಿದ ಹರಿಗೋಲಿನ ಪಕ್ಕ ಕುಳಿತು ಹೆಣಿಗೆಯನ್ನು ಬೆರಳಿನಿಂದ ಹಿಂಬಾಲಿಸಿ ನೋಡಿ, ಅದರ ಜಾಣತನ ತಾನಾಗಿ ತಿಳಿಯುತ್ತದೆ. ಬಿದಿರನ್ನು ಉದ್ದುದ್ದ ಸೀಳಿ, ಗಂಟುಗಳನ್ನು ಸವರಿ, ಆ ಸೀಳುಗಳನ್ನು ನೆಲದ ಮೇಲೆ ಹಲವು ದಿಕ್ಕಿಗೆ ಒಂದರ ಮೇಲೊಂದು ಹಾಯುವಂತೆ ಹರಡುತ್ತಾರೆ. ಒಂದು ಮೇಲೆ ಬಂದರೆ ಇನ್ನೊಂದು ಕೆಳಗೆ. ನಡುವೆ ಹೆಣಿಗೆ ಒತ್ತಾಗಿ ಕೂತ ಮೇಲೆ ಅದರ ಮೇಲೆ ಭಾರದ ಕಲ್ಲುಗಳನ್ನು ಹೇರಿ, ಸುತ್ತಲಿನ ತುದಿಗಳನ್ನು ಮೆಲ್ಲಗೆ ಮೇಲಕ್ಕೆ ಬಾಗಿಸುತ್ತಾರೆ. ಬಿದಿರು ಹಸಿಯಾಗಿರುವಾಗಲೇ ಈ ಕೆಲಸ ಆಗಬೇಕು, ಒಣಗಿದರೆ ಬಾಗುವ ಬದಲು ಮುರಿಯುತ್ತದೆ. ಮೇಲೆದ್ದ ತುದಿಗಳನ್ನೆಲ್ಲ ಸೇರಿಸಿ ಅಂಚಿನಲ್ಲಿ ದಪ್ಪನೆಯ ಬಳೆಯ ಹಾಗೆ ಕಟ್ಟಿದರೆ ಎಲುಬಿನ ಗೂಡು ಸಿದ್ಧ. ಹಿಂದೆ ಅದಕ್ಕೆ ಎಮ್ಮೆಯ ಅಥವಾ ಎತ್ತಿನ ಚರ್ಮ ಹೊಲಿದು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು.

ಇಷ್ಟೇ! ಎಲ್ಲೂ ಗಟ್ಟಿಯಾಗಿ ಜಡಿದದ್ದು ಇಲ್ಲ. ಬಂಡೆಗೆ ತಾಗಿದರೆ ಹೆಣಿಗೆ ಒಂದಿಷ್ಟು ಒಳಕ್ಕೆ ಬಾಗುತ್ತದೆ, ಮತ್ತೆ ಹೊರಕ್ಕೆ ಬರುತ್ತದೆ. ಕೃಷ್ಣೆಯ ಪಾತ್ರ ನೋಡಿದವರಿಗೆ ಇದರ ಬೆಲೆ ಗೊತ್ತು: ನೀರಿನ ಕೆಳಗೆ ಎಲ್ಲೆಂದರಲ್ಲಿ ಕರಿಬಂಡೆ, ಒಂದು ಮಾರು ಆಚೆಗೆ ಮಡು, ಅದರಾಚೆ ಮೊಣಕಾಲುದ್ದ ನೀರು. ಇಂಥಲ್ಲಿ ಹಲಗೆಯ ಉದ್ದ ದೋಣಿ ತಂದರೆ ತಳ ಒಡೆದುಕೊಳ್ಳುತ್ತದೆ. ದುಂಡನೆಯ ಹರಿಗೋಲಿಗೆ ಮುಂದು ಹಿಂದು ಎಂಬುದೇ ಇಲ್ಲ, ತಳ ಚಪ್ಪಟೆ, ಗೇಣುದ್ದ ನೀರಿದ್ದರೂ ತೇಲುತ್ತದೆ. ಅಂಬಿಗ ಒಂದೇ ಹುಟ್ಟನ್ನು ಮುಂಭಾಗದಲ್ಲಿ ನೀರಿಗಿಳಿಸಿ ತನ್ನತ್ತ ಎಳೆಯುತ್ತಾನೆ. ಬರಿದೇ ಒಂದು ಪಕ್ಕದಲ್ಲಿ ಹಾಕಿದರೆ ಬುಟ್ಟಿ ನಿಂತಲ್ಲೇ ಗಿರಗಿರ ತಿರುಗುತ್ತದೆ. ಆ ತಿರುಗನ್ನು ಹತೋಟಿಗೆ ತರುವುದರಲ್ಲೇ ವಿದ್ಯೆ ಇರುವುದು. ಸೆಳವು ಇರುವ ಹೊಳೆಯಲ್ಲಿ ನೇರ ಎದುರುದಂಡೆಗೆ ಮುಖ ಮಾಡಿದವನು ಎಲ್ಲೋ ಕೆಳಗೆ ಹೋಗಿ ಬೀಳುತ್ತಾನೆ. ಬಲ್ಲ ಅಂಬಿಗ ಮೇಲಿನಿಂದಲೇ ಹೊರಟು, ಸೆಳವಿಗೆ ಬೇಕಾದಷ್ಟು ಬಿಟ್ಟುಕೊಟ್ಟು, ತನಗೆ ಬೇಕಾದ ಕಡೆ ದಡ ಹಿಡಿಯುತ್ತಾನೆ. ಹಗುರವಾದ್ದರಿಂದ ಸಣ್ಣ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಬೋರಲು ಹೊತ್ತು ಮೇಲಿನ ಕಡವಿಗೆ ನಡೆದುಬಿಡುತ್ತಾನೆ.

ಸುಮಾರು 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇದನ್ನು ಕಂಡು ಬೆರಗಾಗಿ ಬರೆದಿಟ್ಟ. ಒಳಗೆ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಹುಟ್ಟು ಹಾಕುವಾಗ ತಿರುಗುತ್ತಲೇ ಇರುತ್ತದೆ ಎಂಬ ಅವನ ವಿವರ ಇವತ್ತಿನ ಹರಿಗೋಲಿಗೂ ಹೊಂದುತ್ತದೆ. ಅದೇ 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಕದನ ನಡೆಯಿತು. ಸೋತು ಹಿಂದೆ ಸರಿದ ಸೈನಿಕರಲ್ಲಿ ಎಷ್ಟೋ ಮಂದಿ ಕೃಷ್ಣೆಯ ಪಾಲಾದರು. ಈ ಸೀಮೆಯಲ್ಲಿ ಗೆಲುವು ಸೋಲು ಕತ್ತಿಯ ಜೊತೆಗೆ ಹೊಳೆ ದಾಟುವ ಏರ್ಪಾಡನ್ನೂ ನೆಚ್ಚಿಕೊಂಡಿತ್ತು! 1803ರಲ್ಲಿ ಮರಾಠರ ಮೇಲಿನ ಯುದ್ಧದ ಕಾಲಕ್ಕೆ ಆರ್ಥರ್ ವೆಲ್ಲೆಸ್ಲಿ ದಖನ್ನಿನ ಹೊಳೆಗಳನ್ನು ದಾಟಲು ಬುಟ್ಟಿದೋಣಿಗಳನ್ನೇ ಮಾಡಿಸಿಕೊಂಡ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಮಣಿಸಿದ ಸೇನಾನಿ ಅವನೇ. ಅವನ ಫಿರಂಗಿ ದಂಡು ನಮ್ಮ ಅಂಬಿಗರ ಹೆಣಿಗೆಯನ್ನು ನಂಬಿ ನೀರಿಗಿಳಿಯಿತು ಎಂಬುದು ಇತಿಹಾಸದ ಪಾಠದಲ್ಲಿ ಯಾಕೆ ಬರುವುದಿಲ್ಲವೋ.

ಇನ್ನೂ ಹಿಂದಕ್ಕೆ ಹೋಗೋಣ, ಬೆರಗು ಅಲ್ಲಿದೆ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಯೂಫ್ರೆಟಿಸ್ ನದಿಯಲ್ಲಿ ಕಂಡದ್ದೇನು ಗೊತ್ತೆ? ಗುರಾಣಿಯಂತೆ ದುಂಡಗಿನ, ಚರ್ಮ ಹೊದಿಸಿದ ದೋಣಿಗಳು! ಅವುಗಳಲ್ಲಿ ಸರಕಿನ ಜೊತೆ ಒಂದಾದರೂ ಕತ್ತೆ ಇರುತ್ತಿತ್ತಂತೆ. ಬ್ಯಾಬಿಲೋನಿಗೆ ತಲುಪಿ ಸರಕು ಮಾರಿದ ಮೇಲೆ ಗೂಡಿನ ಕಡ್ಡಿಗಳನ್ನೂ ಹುಲ್ಲನ್ನೂ ಅಲ್ಲೇ ಮಾರಿ, ಚರ್ಮವನ್ನು ಮಡಚಿ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ ಮರಳುತ್ತಿದ್ದರು. ಕಾರಣ, ಸೆಳವಿಗೆ ಎದುರಾಗಿ ದುಂಡು ದೋಣಿ ಏರುವುದಿಲ್ಲ. ನಮ್ಮ ಅಂಬಿಗ ಹರಿಗೋಲನ್ನು ತಲೆಯ ಮೇಲೆ ಹೊತ್ತು ನಡೆಯುವುದೂ ಇದೇ ಕಾರಣಕ್ಕೆ! ನಿನೆವೆಯ ಅರಮನೆಯ ಗೋಡೆಗಳಲ್ಲಿ ಕಡೆದ ಅಸ್ಸೀರಿಯನ್ ಚಿತ್ರಗಳಲ್ಲೂ ಇಂಥ ದುಂಡು ದೋಣಿಗಳಿವೆ. ಇರಾಕಿನಲ್ಲಿ 20ನೇ ಶತಮಾನದವರೆಗೂ ಇವು ತೇಲುತ್ತಿದ್ದವು.

ಇನ್ನು ಬ್ಯಾಬಿಲೋನಿನ ಒಂದು ಮಣ್ಣಿನ ಫಲಕದ ಕಥೆ. ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಅರ್ವಿಂಗ್ ಫಿಂಕೆಲ್ ಅವರಿಗೆ 1985ರಲ್ಲಿ ಒಬ್ಬರು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಫಲಕವೊಂದನ್ನು ತೋರಿಸಿದರು. ಅದನ್ನು ಪೂರ್ತಿ ಓದುವ ಅವಕಾಶ ಸಿಕ್ಕಿದ್ದು ವರ್ಷಗಳ ನಂತರ. ಅದರ ಮೇಲೆ ಮೊಳೆಯಾಕಾರದ ಲಿಪಿಯ ಅರವತ್ತು ಸಾಲು, ವಯಸ್ಸು ಹತ್ತಿರ ಹತ್ತಿರ 3,700 ವರ್ಷ. ಮಹಾಪ್ರಳಯ ಬರಲಿದೆ, ದೊಡ್ಡ ದೋಣಿ ಕಟ್ಟು ಎಂದು ದೇವರು ಮನುಷ್ಯನಿಗೆ ಹೇಳುವ ಕಥೆ ಅದರಲ್ಲಿದೆ. ಎಂಥ ದೋಣಿ? ದುಂಡನೆಯದು! ಹಗ್ಗವನ್ನು ಸುತ್ತಿ ಸುತ್ತಿ ಹೆಣೆದ ಬುಟ್ಟಿ, ಒಳಗೆ ಎಲುಬಿನಂಥ ಅಡ್ಡಮರಗಳು, ಮೈಗೆ ಒಂದು ಬೆರಳು ದಪ್ಪ ಡಾಂಬರು. ಸಾಕ್ಷಾತ್ ಹರಿಗೋಲು, ಆದರೆ ಬೆಟ್ಟದಷ್ಟು ದೊಡ್ಡದು: ತಳ 3,600 ಚದರ ಮೀಟರ್, ಅಂದರೆ ಸುಮಾರು ನಾಲ್ಕೂವರೆ ಗುಂಟೆ ಕಡಿಮೆ ಒಂದು ಎಕರೆಯಷ್ಟು ಜಾಗ. ಅದಕ್ಕೆ ಬೇಕಾದ ಹಗ್ಗ 500 ಕಿಲೋಮೀಟರಿಗೂ ಹೆಚ್ಚು ಎಂದು ಫಲಕದ ಲೆಕ್ಕದಿಂದ ಫಿಂಕೆಲ್ ತೆಗೆದರು. ಬೆಂಗಳೂರಿನಿಂದ ಎಳೆಯಲು ಶುರು ಮಾಡಿದರೆ ರಾಯಚೂರು ದಾಟಿಯೂ ಹಗ್ಗ ಉಳಿಯುತ್ತದೆ!

ಈ ದೋಣಿ ತೇಲೀತೆ? ನೋಡೇಬಿಡೋಣ ಎಂದು ಅದರ ಕಿರಿದಾದ ಪ್ರತಿಯನ್ನು ನಿಜಕ್ಕೂ ಕಟ್ಟಿದರು. ಎಲ್ಲಿ? ಕೇರಳದ ಹಿನ್ನೀರಿನ ದಂಡೆಯಲ್ಲಿ. ನಾಲ್ಕು ಸಾವಿರ ವರ್ಷದಷ್ಟು ಹಳೆಯ ಕಲ್ಪನೆಗೆ ಕೈ ಕೊಡಬಲ್ಲ, ಹಗ್ಗ ಹುರಿ ಮಾಡಬಲ್ಲ, ಮರ ಬಾಗಿಸಬಲ್ಲ ಜನ ನಮ್ಮ ದಕ್ಷಿಣದಲ್ಲಿ ಇನ್ನೂ ಇದ್ದರು. ದೋಣಿ ತೇಲಿತು. ಡಾಂಬರು ಹದವಾಗಿ ಕೂರದೆ ನೀರು ಸೋರಿತು, ಪಂಪು ಇಡಬೇಕಾಯಿತು ಎಂಬುದೂ ನಿಜ. ಆದರೆ ತೇಲಿತು! ಚರ್ಮ ಬಿಟ್ಟು ಡಾಂಬರಿಗೆ ಬಂದ ಕೃಷ್ಣೆಯ ಅಂಬಿಗನ ಕೈ ಗೊತ್ತಿಲ್ಲದೆಯೇ ಬ್ಯಾಬಿಲೋನಿನವರ ಡಾಂಬರಿನ ಡಬ್ಬಿಗೇ ಹೋಗಿದೆಯಲ್ಲ ಎಂದು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಆ ದುಂಡು ದೋಣಿ ಕಟ್ಟುವ ಹೊಣೆ ಹೊತ್ತವರಲ್ಲಿ ಟಾಮ್ ವೋಸ್ಮರ್ ಒಬ್ಬರು. ಅದಕ್ಕೂ ಮೊದಲು ಒಮಾನಿನಲ್ಲಿ ‘ಜುವೆಲ್ ಆಫ್ ಮಸ್ಕತ್’ ಎಂಬ ಹಡಗನ್ನು ಕಟ್ಟಿಸಿದವರು ಅವರು. 1998ರಲ್ಲಿ ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ 9ನೇ ಶತಮಾನದ ಮುಳುಗಿದ ಹಡಗೊಂದು ಸಿಕ್ಕಿತ್ತು. ಚೀನಾದ ಪಿಂಗಾಣಿ ತುಂಬಿದ್ದ ಆ ಹಡಗಿನ ಹಲಗೆಗಳನ್ನು ಹಗ್ಗದಿಂದ ಹೊಲಿದಿದ್ದರು. ಅದೇ ಮಾದರಿಯಲ್ಲಿ ಕಟ್ಟಿದ ಹೊಸ ಹಡಗು 2010ರಲ್ಲಿ ಮಸ್ಕತ್ತಿನಿಂದ ಹೊರಟು ಕೊಚ್ಚಿ, ಗಾಲೆ ಹಾದು ಸಿಂಗಪುರ ಮುಟ್ಟಿತು. ಆ ಹೊಲಿಗೆಯಲ್ಲಿ ಕೇರಳದ ಕೈಗಳೂ ಇದ್ದವು.

ಹಡಗನ್ನು ಹೊಲಿಯುವುದು! ಹೇಗೆ ಎಂದು ಕೇಳಿ. ಎರಡು ಹಲಗೆಗಳನ್ನು ಅಂಚಿಗೆ ಅಂಚು ತಾಗುವಂತೆ ಜೋಡಿಸುತ್ತಾರೆ. ಅಂಚಿನಗುಂಟ ಎದುರುಬದುರಾಗಿ ತೂತು ಕೊರೆಯುತ್ತಾರೆ. ಸಂದಿನ ಮೇಲೆ ಉದ್ದಕ್ಕೂ ತೆಂಗಿನ ನಾರಿನ ಹೊಸೆದ ಕಟ್ಟನ್ನು ಮಲಗಿಸಿ, ಅದನ್ನು ಸೇರಿಸಿಯೇ ಹುರಿಯನ್ನು ತೂತಿನಿಂದ ತೂತಿಗೆ ಎಳೆಯುತ್ತಾರೆ. ಒಬ್ಬ ಹಡಗಿನ ಒಳಗೆ, ಇನ್ನೊಬ್ಬ ಹೊರಗೆ. ಒಳಗಿನವನು ತಳ್ಳಿದ ಹುರಿಯನ್ನು ಹೊರಗಿನವನು ಕೋಲಿಗೆ ಸುತ್ತಿ ಜಗ್ಗುತ್ತಾನೆ, ಸಡಿಲಾಗದಂತೆ ತೂತಿಗೆ ಗೂಟ ಬಡಿದು ಹಿಡಿದು ಮರಳಿ ಒಳಗೆ ಕಳಿಸುತ್ತಾನೆ. ಮಾತಿಲ್ಲದೆ ಇಬ್ಬರ ಕೈ ಹೊಂದಬೇಕು. ಆಮೇಲೆ ತೂತುಗಳನ್ನು ನಾರಿನಿಂದಲೂ ರಾಳದಿಂದಲೂ ಮುಚ್ಚಿ, ಮೈಗೆಲ್ಲ ಮೀನೆಣ್ಣೆ ಸವರುತ್ತಾರೆ. ಹಡಗು ನೀರಿಗಿಳಿದ ಮೇಲೆ ಮರ ನೀರು ಕುಡಿದು ಉಬ್ಬುತ್ತದೆ, ಸಂದುಗಳು ಇನ್ನಷ್ಟು ಬಿಗಿಯುತ್ತವೆ. ಅಲೆ ಅಪ್ಪಳಿಸಿದಾಗ ಹೊಲಿಗೆಯ ಮೈ ಕೊಂಚ ಓಲಾಡಿ ಪೆಟ್ಟನ್ನು ನುಂಗುತ್ತದೆ. ಬಂಡೆಗೆ ತಾಗಿ ಬಾಗುವ ಹರಿಗೋಲಿನ ಗುಟ್ಟೂ ಇದೇ ಅಲ್ಲವೆ!

ಈಗ ಕಾರವಾರಕ್ಕೆ ಬನ್ನಿ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆ ಒಂದು ಹಡಗನ್ನು ಸೇರಿಸಿಕೊಂಡಿತು. ಹೆಸರು ‘ಕೌಂಡಿನ್ಯ’. ಸಮುದ್ರ ದಾಟಿ ಹೋಗಿ ಮೆಕಾಂಗ್ ನದಿಯ ನಾಡಿನಲ್ಲಿ ರಾಣಿಯನ್ನು ವರಿಸಿ ರಾಜ್ಯ ಕಟ್ಟಿದನೆಂದು ಐತಿಹ್ಯ ಹೇಳುವ ಭಾರತೀಯನ ಹೆಸರು ಅದು. ವಿಮಾನವಾಹಕ ಹಡಗುಗಳೂ ಜಲಾಂತರ್ಗಾಮಿಗಳೂ ತಂಗುವ ನೆಲೆಗೆ ಬಂದ ಈ ಹೊಸ ಸದಸ್ಯನಿಗೆ ಎಂಜಿನ್ ಇಲ್ಲ, ಮೈಯಲ್ಲಿ ಲೋಹದ ಮೊಳೆ ಇಲ್ಲ. ಹಲಗೆ, ತೆಂಗಿನ ನಾರಿನ ಹುರಿ, ರಾಳ. ಅಷ್ಟೇ!

ಇದರ ಮಾದರಿ ಸಿಕ್ಕಿದ್ದು ಅಜಂತಾದ ಗುಹೆಯ 5ನೇ ಶತಮಾನದ ವರ್ಣಚಿತ್ರದಲ್ಲಿ. ಕಲ್ಪಿಸಿಕೊಳ್ಳಿ: ಕಣ್ಣ ಮುಂದೆ ಇರುವುದು ಒಂದು ಗೋಡೆಯ ಚಿತ್ರ ಮಾತ್ರ. ನಕ್ಷೆ ಇಲ್ಲ, ಆ ಕಾಲದ ಹಡಗಿನ ಅವಶೇಷ ಇಲ್ಲ. ಚಿತ್ರಕಾರ ಹಡಗಿನ ಒಂದು ಪಕ್ಕವನ್ನು ತೋರಿಸಿದ್ದಾನೆ, ತಳ ಎಷ್ಟು ಆಳ, ಹೊಟ್ಟೆ ಎಷ್ಟು ಅಗಲ, ಹಾಯಿಯ ಹಗ್ಗ ಎಲ್ಲಿಗೆ ಕಟ್ಟಬೇಕು ಎಂದು ಹೇಳುವುದು ಅವನ ಕೆಲಸವಾಗಿರಲಿಲ್ಲ. ಅದನ್ನೆಲ್ಲ ಮೊದಲಿನಿಂದ ಯೋಚಿಸಿ ತೆಗೆಯಬೇಕಾಯಿತು. ಕೇಂದ್ರದ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಹೋಡಿ ಇನೊವೇಶನ್ಸ್ 2023ರ ಜುಲೈನಲ್ಲಿ ಒಪ್ಪಂದ ಮಾಡಿಕೊಂಡವು. ಅದೇ ಸೆಪ್ಟೆಂಬರ್ 12ರಂದು ತಳದ ಮೊದಲ ಮರ ಬಿತ್ತು. ಕೇರಳದ ಕುಶಲಿಗಳ ತಂಡವನ್ನು ಮುನ್ನಡೆಸಿದವರು ಹಿರಿಯ ಹಡಗುಗಾರ ಬಾಬು ಶಂಕರನ್. ಸಾವಿರಾರು ಹೊಲಿಗೆ, ಎಲ್ಲವೂ ಕೈಯಿಂದ! ಅತ್ತ ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗ ಹಡಗಿನ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿ ನೋಡಿತು. ಒಂದು ಕಡೆ ಗಣಿತ, ಇನ್ನೊಂದು ಕಡೆ ಅಂಗೈಯ ಅನುಭವ. 2025ರ ಫೆಬ್ರುವರಿಯಲ್ಲಿ ಹಡಗು ಗೋವಾದಲ್ಲಿ ನೀರಿಗಿಳಿಯಿತು.

ಇಂದಿನ ನಾವಿಕರಿಗೆ ಇದನ್ನು ನಡೆಸುವುದೂ ಹೊಸ ಪಾಠ. ಹಿಂಬದಿಯ ನಡುವೆ ಕೂರಿಸಿದ ಚುಕ್ಕಾಣಿ ಇಲ್ಲ, ಅದರ ಬದಲು ನೀರಿಗಿಳಿಬಿಟ್ಟ ದೊಡ್ಡ ಹುಟ್ಟುಗಳಿಂದಲೇ ದಿಕ್ಕು ತಿರುಗಿಸಬೇಕು. ಹಾಯಿಗಳು ಚೌಕ. ಬೆನ್ನಿಗೆ ಗಾಳಿ ಸಿಕ್ಕರೆ ಸುಗ್ಗಿ, ಎದುರುಗಾಳಿಯಲ್ಲಿ ಕಷ್ಟ. ಮುಂಭಾಗದಲ್ಲಿ ಕೆತ್ತಿದ ಸಿಂಹ-ಯಾಳಿ, ಮೇಲೆ ಹರಪ್ಪ ಕಾಲದ ಶೈಲಿಯ ಕಲ್ಲಿನ ಲಂಗರು. ಹಾಯಿಯ ಮೇಲೆ ಏನಿದೆ ಗೊತ್ತೆ? ಸೂರ್ಯ ಮತ್ತು ಗಂಡಭೇರುಂಡ! ಬಳ್ಳಿಗಾವಿಯಲ್ಲಿ 11ನೇ ಶತಮಾನದ ಕಂಬದ ತುದಿಯಲ್ಲಿ ನಿಂತಿರುವ, ನಮ್ಮ ರಾಜ್ಯ ಲಾಂಛನದಲ್ಲಿ ರೆಕ್ಕೆ ಬಿಚ್ಚಿರುವ ಅದೇ ಎರಡು ತಲೆಯ ಹಕ್ಕಿ. ಅದು ಹಾಯಿಯ ಮೇಲೆ ಗಾಳಿ ತುಂಬಿಕೊಂಡು ಅರಬ್ಬೀ ಸಮುದ್ರಕ್ಕೆ ಹೊರಟಿತು ಎಂದರೆ ಕನ್ನಡಿಗರಾದ ನಮಗೆ ಎದೆ ಉಬ್ಬದೆ ಇದ್ದೀತೆ?

ಹೊರಟದ್ದು ಎಲ್ಲಿಗೆ? 2025ರ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಹಾಯಿ ಬಿಚ್ಚಿ, 2026ರ ಜನವರಿ 14ರಂದು ಒಮಾನಿನ ಮಸ್ಕತ್ ಬಂದರು ಸೇರಿತು. ಕಾರವಾರದಲ್ಲಿ ಹೆಸರು ಪಡೆದ ಹೊಲಿಗೆಯ ಹಡಗು ಬರೀ ಗಾಳಿಯ ಬಲದಿಂದ ಅರಬ್ಬೀ ಸಮುದ್ರ ದಾಟಿತು. ಇದನ್ನು ಬರೆಯುವಾಗಲೂ ನನ್ನ ಕೈ ಸುಮ್ಮನಿರುವುದಿಲ್ಲ.

ನಮ್ಮ ಕರಾವಳಿಗೆ ಈ ವಿದ್ಯೆ ಹೊಸದಲ್ಲ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಲ್ಲಿ ತಂಗಿದ್ದವನು. ಭಾರತದ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಾರೆ, ಬಂಡೆಗೆ ತಾಗಿದರೆ ಮೊಳೆಯ ಹಡಗು ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂಬ ಅರ್ಥದಲ್ಲಿ ಅವನು ಬರೆದ. ಅವನಿಗಿಂತ ಮೊದಲೇ ಮಾರ್ಕೊ ಪೋಲೊ ಹೊರ್ಮುಜ್ ಬಂದರಿನಲ್ಲಿ ಇಂಥ ಹೊಲಿದ ಹಡಗುಗಳನ್ನು ನೋಡಿ, ಇವನ್ನು ನಂಬಿ ಯಾರು ಹೋಗುತ್ತಾರೆ ಎಂದು ಮೂಗು ಮುರಿದಿದ್ದ. ಪೋಲೊನ ಮಾತು ಸುಳ್ಳಾಯಿತು, ಬತೂತನದು ನಿಂತಿತು. ನಮ್ಮ ಕರಾವಳಿಯ ರಂಪಣಿ ಬಲೆಯ ದೊಡ್ಡ ದೋಣಿಗಳನ್ನೂ ಹಿಂದೆ ಹುರಿಯಿಂದ ಹೊಲಿಯುತ್ತಿದ್ದರು. ಆಮೇಲೆ ಎಂಜಿನ್ ದೋಣಿ ಬಂತು, ಫೈಬರ್ ಬಂತು, ಹೊಲಿಯುವ ಕೈಗಳು ಬೇರೆ ಕೆಲಸ ಹುಡುಕಿಕೊಂಡವು. ಅದಕ್ಕೇ ಕೌಂಡಿನ್ಯ ದೊಡ್ಡದೆನಿಸುತ್ತದೆ. ಅಲ್ಲಿ ರಿಪೇರಿಯಾದದ್ದು ಹಡಗಿಗಿಂತ ಹೆಚ್ಚಾಗಿ ಕೈತಪ್ಪಿ ಹೋಗುತ್ತಿದ್ದ ಒಂದು ವಿದ್ಯೆ.

ಸಮುದ್ರದ ಕಡೆ ಆ ವಿದ್ಯೆಗೆ ಸರ್ಕಾರ, ಐಐಟಿ, ನೌಕಾಪಡೆ ಎಲ್ಲ ಕೈಜೋಡಿಸಿದವು. ಕೃಷ್ಣೆಯ ಹರಿಗೋಲಿಗೆ? ರಾಯಚೂರು ತಾಲ್ಲೂಕಿನ ಆತ್ಕೂರಿನ ದಂಡೆಗೆ ಹೋದರೆ ಎದುರಿಗೆ ಕುರುವಪುರ. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ, ನಡುಗಡ್ಡೆ. ಮಹಾರಾಷ್ಟ್ರ, ಆಂಧ್ರ, ತೆಲಂಗಾಣದಿಂದ ಭಕ್ತರು ಬರುತ್ತಾರೆ, ಹೊಳೆ ದಾಟುತ್ತಾರೆ. ಸುತ್ತಮುತ್ತಲಿನ ನಡುಗಡ್ಡೆಗಳಲ್ಲಿ ಸಂಸಾರಗಳಿವೆ, ಹೊಲಗಳಿವೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ದೇವದುರ್ಗದ ಹೂವಿನಹೆಡಗಿ ಸೇತುವೆಯೇ ಮುಳುಗುವುದುಂಟು, ಇನ್ನು ನಡುಗಡ್ಡೆಯವರ ಪಾಡು ಕೇಳಬೇಕೆ! 2009ರ ಮತ್ತು 2019ರ ನೆರೆಗಳನ್ನು ಆ ಜನ ಮರೆತಿಲ್ಲ. ಬಸುರಿಯನ್ನು ಆಸ್ಪತ್ರೆಗೆ ಒಯ್ಯಲು ತೆಪ್ಪವೇ ಗತಿ ಎನ್ನುವ ಸ್ಥಿತಿ ಯಾರಿಗೂ ಇರಬಾರದು. ಅವರಿಗೆ ಗಟ್ಟಿ ಸೇತುವೆ ಬೇಕು, ಇದರಲ್ಲಿ ಎರಡು ಮಾತಿಲ್ಲ. ಹರಿಗೋಲಿನ ಚಂದ ಹೊಗಳಿ ಸೇತುವೆಯ ಬೇಡಿಕೆಯನ್ನು ಬದಿಗೊತ್ತುವವರ ಸಾಲಿಗೆ ನಾನಿಲ್ಲ.

ಸೇತುವೆ ಬಂದ ದಿನ ಹರಿಗೋಲು ಹೆಣೆಯುವ ವಿದ್ಯೆಯೂ ದಂಡೆಯ ಮೇಲೆ ಬಿದ್ದು ಒಣಗಬೇಕೆಂದೇನಿಲ್ಲ. ಪಾಯೆಸ್ ಬರೆದದ್ದು ಕೆಲವೇ ಸಾಲು. ಯಾವ ಬಿದಿರು, ಯಾವ ತಿಂಗಳಲ್ಲಿ ಕಡಿಯಬೇಕು, ಎಷ್ಟು ಸೀಳು, ಮೊದಲ ಹೆಣಿಗೆ ಯಾವ ದಿಕ್ಕಿಗೆ, ಕಲ್ಲು ಎಷ್ಟು ಹೊತ್ತು ಹೇರಿಡಬೇಕು, ಚರ್ಮವನ್ನು ಹೇಗೆ ಹದ ಮಾಡುತ್ತಿದ್ದರು, ಇದನ್ನೆಲ್ಲ ಬಲ್ಲ ಹಿರಿಯರು ಕೃಷ್ಣೆ, ತುಂಗಭದ್ರೆಯ ದಂಡೆಯ ಊರುಗಳಲ್ಲಿ ಈಗಲೂ ಇದ್ದಾರೆ. ಅಜಂತಾದ ಹಡಗನ್ನು ಒಂದು ಚಿತ್ರದಿಂದ ಊಹಿಸಿ ಕಟ್ಟಬೇಕಾಯಿತು. ಹರಿಗೋಲಿಗೆ ಆ ಗತಿ ಬರಬೇಕಾಗಿಲ್ಲ, ಬಲ್ಲವರು ಕಣ್ಣೆದುರಿಗೇ ಇದ್ದಾರೆ.

ಕುರ್ಡಿ, ಮಾನ್ವಿ, ದೇವದುರ್ಗದ ಮೇಷ್ಟ್ರುಗಳೇ, ಕಾಲೇಜಿನ ಹುಡುಗ ಹುಡುಗಿಯರೇ, ನಿಮ್ಮ ಜೇಬಿನಲ್ಲಿ ಫೋನಿದೆ. ಮುಂದಿನ ರಜೆಗೆ ಹೊಳೆದಂಡೆಯ ಊರಿಗೆ ಹೋಗಿ. ಹರಿಗೋಲು ಹೆಣೆಯಬಲ್ಲ ಅಜ್ಜನನ್ನು ಕಂಡು, ಒಂದು ಹರಿಗೋಲು ಮಾಡಿಸಿ, ಅವರ ಕೂಲಿಯನ್ನು ಪೂರ್ತಿ ಕೊಡಿ. ಬಿದಿರು ಸೀಳುವುದರಿಂದ ಡಾಂಬರು ಬಳಿಯುವವರೆಗೆ ಒಂದನ್ನೂ ಬಿಡದೆ ಚಿತ್ರೀಕರಿಸಿ, ಅವರಾಡುವ ಮಾತನ್ನು ಅವರದೇ ಕನ್ನಡದಲ್ಲಿ ಬರೆದುಕೊಳ್ಳಿ. ಆಮೇಲೆ ಅವರ ಪಕ್ಕ ಕೂತು ನೀವೂ ನಾಲ್ಕು ಸೀಳು ಹೆಣೆಯಿರಿ.